ತಗಡು ಸುಮ್ಮನೆ ಕೂತ ಚರಣ

ಹತ್ತಿ ತುಂಬಿದ ಕೋಣೆಯಲ್ಲಿ ದೆವ್ವ ಇರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ದೆವ್ವಕ್ಕೆ ಸದ್ದು ಮಾಡದೆ ಹೊತ್ತು ಹೋಗುವುದಿಲ್ಲ, ಹತ್ತಿಯೋ ಸದ್ದನ್ನು ಇದ್ದಲ್ಲೇ ನುಂಗಿಬಿಡುತ್ತದೆ. ಯಾರೂ ಹೆದರದ ಕಡೆ ದೆವ್ವಕ್ಕಾದರೂ ಏನು ಕೆಲಸ ಎಂಬುದು ಅವನ ವಾದ. ಹಾಸಿಗೆ ಹೊಲಿಯುವವನ ಮಗಳು ಇಪ್ಪತ್ತಮೂರು ವರ್ಷ ಆ ಮಾತನ್ನು ನಂಬಿದ್ದಳು. ಆಮೇಲೆ ಒಂದು ಮಧ್ಯಾಹ್ನ ಅದೇ ಕೋಣೆಯಲ್ಲಿ ಅವಳಿಗೆ ದನಿ ಕೇಳಿಸಿತು.

ಕೆಲಸದಲ್ಲಿ ಅವಳು ಅಪ್ಪನ ಬಲಗೈ. ಬೆಳಿಗ್ಗೆಯಿಂದ ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತು ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ನಾರು ಕೂತು, ಸಂಜೆಗೆ ಅರವತ್ತರ ಮುದುಕಿಯ ಹಾಗೆ ಕಾಣುತ್ತಿದ್ದಳು. ದಬ್ಬಣ ಹಿಡಿದು ದಪ್ಪ ಹಾಸಿಗೆಯ ಅಂಚು ಹೊಲಿದ ಬೆರಳಿಗೆ ಬೇಸ್ ಗಿಟಾರಿನ ತಂತಿ ಯಾವ ಲೆಕ್ಕ? ಬ್ಯಾಂಡ್ ಕಟ್ಟುವಾಗ ಆ ವಾದ್ಯ ಯಾರಿಗೂ ಬೇಡವಾಗಿತ್ತು. "ಅದು ಇದ್ರೆ ಯಾರಿಗೂ ಕೇಳಿಸಲ್ಲ ಪುಟ್ಟಿ, ಇಲ್ದಿದ್ರೆ ಮಾತ್ರ ಗೊತ್ತಾಗುತ್ತೆ. ನಿನ್ನ ಹಾಗೇ," ಎಂದು ಅಣ್ಣ ಅದನ್ನು ಅವಳ ಕೊರಳಿಗೆ ಹಾಕಿದ್ದ. ಅವಳು ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಆದರೆ ವಾದ್ಯವನ್ನು ಬಿಡಲಿಲ್ಲ.

ಅಣ್ಣ ತರಕಾರಿ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಅವನ ಕೂಗು ಮಾರುಕಟ್ಟೆಯ ಹಿಂದಿನ ಗೇಟಿನ ತನಕ ಹೋಗುತ್ತಿತ್ತು, ಹಾಗಂತ ಒರಟಲ್ಲ. ಬೆಳಗಿನ ಜಾವದಲ್ಲಿ ಆ ದನಿ ಕೇಳಲೆಂದೇ ಚಹಾ ಹಿಡಿದು ನಿಲ್ಲುವವರಿದ್ದರು. "ಒಂದ್ ಸಲ, ಎರಡ್ ಸಲ, ಮೂರ್ ಸಲ" ಎಂದು ಹಲಗೆಯನ್ನು ಮೂರು ಬಾರಿ ತಟ್ಟಿದನೆಂದರೆ ಸರಕು ಹೋಯಿತು. ಆಮೇಲೆ ಅದರ ಬಗ್ಗೆ ಕೊಂಡವನೂ ಮಾತಾಡುವಂತಿಲ್ಲ, ಕೊಟ್ಟವನೂ ಮಾತಾಡುವಂತಿಲ್ಲ. ಬ್ಯಾಂಡಿನಲ್ಲೂ ಅದೇ ಪದ್ಧತಿ ಬಂತು. ಹಾಡು ಶುರುವಾಗಬೇಕೆಂದರೆ ಅಣ್ಣ ಮೂರು ಸಲ ತಟ್ಟಬೇಕು, ಅಲ್ಲಿಯವರೆಗೆ ಯಾರೂ ತಂತಿ ಮುಟ್ಟುವಂತಿಲ್ಲ.

ಉಳಿದವರು ಇಬ್ಬರು. ಗಿಟಾರ್ ನುಡಿಸುವವನು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ, ಅವನನ್ನು ಎಲ್ಲರೂ ಕಾಂಪೌಂಡರ್ ಎನ್ನುತ್ತಿದ್ದರು. ಡ್ರಮ್ ಬಾರಿಸುವವನು ತಗಡಿನ ಕೆಲಸದವನು, ಅವನ ಹೆಸರೇ ತಗಡು. ಹಗಲೆಲ್ಲ ತಗಡು ಬಡಿದು ಬಡಿದು ಅವನ ಕಿವಿ ಅರ್ಧ ಮಂದವಾಗಿತ್ತು. "ಜೋರಾಗಿ ಹೇಳು" ಎನ್ನುವುದು ಅವನ ಬಾಯಿಪಾಠ. ಒಳ್ಳೆಯ ಸುದ್ದಿಯನ್ನು ಅವನಿಗೆ ಎರಡು ಸಲ ಹೇಳಬೇಕಾಗುತ್ತಿತ್ತು, ಬೈಗುಳ ಮಾತ್ರ ಮೊದಲ ಸಲಕ್ಕೇ ತಲುಪುತ್ತಿತ್ತು.

ನಾಲ್ವರೂ ಸೇರುತ್ತಿದ್ದದ್ದು ಅಂಗಡಿಯ ಹಿಂದಿನ ಹತ್ತಿ ಕೋಣೆಯಲ್ಲಿ. ಸುತ್ತ ಸೂರಿನ ತನಕ ಹಾಸಿಗೆ, ಮೂಲೆಯಲ್ಲಿ ಹತ್ತಿಯ ಮೂಟೆ. ಎಷ್ಟು ಬಾರಿಸಿದರೂ ಪಕ್ಕದ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಮೊದಲ ವರ್ಷದ ಸಂಗೀತಕ್ಕೆ ಅದು ದೊಡ್ಡ ಉಪಕಾರವೇ ಆಯಿತು. ಮೂರನೆಯ ವರ್ಷಕ್ಕೆ ಆರು ಹಾಡು ಕೈಗೆ ಬಂದವು, ಎಲ್ಲ ಅಣ್ಣನೇ ಬರೆದವು. ಹಳೆಯದೊಂದು ಕಂಪ್ಯೂಟರ್, ಎರಡು ಮೈಕು ಹೊಂದಿಸಿಕೊಂಡು ಧ್ವನಿಮುದ್ರಣಕ್ಕೆ ಕೂತರು. ಪೂರ್ತಿ ಆಗುವ ತನಕ ಹೊರಗಿನವರಿಗೆ ಒಂದು ಸೊಲ್ಲೂ ಕೇಳಿಸಬಾರದು ಎಂದು ಆಣೆ ಮಾಡಿಕೊಂಡರು.

ಅವರ ಕ್ರಮ ಹೀಗಿತ್ತು. ಮೊದಲು ಅಣ್ಣ ಹಾಡನ್ನು ಕಚ್ಚಾ ಹಾಡಿಬಿಡುವುದು. ಉಳಿದವರು ಒಬ್ಬೊಬ್ಬರಾಗಿ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ತಮ್ಮ ತಮ್ಮ ವಾದ್ಯ ತುಂಬುವುದು. ಎಲ್ಲ ಮುಗಿದ ಮೇಲೆ ಅಣ್ಣ ಅಸಲಿ ಹಾಡುವುದು. ಅದರಲ್ಲೊಂದು ಕಟ್ಟುನಿಟ್ಟು: ತಪ್ಪಿದರೂ ನಡುವೆ ನಿಲ್ಲಿಸಬಾರದು, ಕೊನೆಯ ತನಕ ಹೋಗಲೇಬೇಕು. ನಿಲ್ಲಿಸಿದವನು ಒಂದು ಹಾಸಿಗೆಯ ಅಂಚು ಹೊಲಿಯಬೇಕು. ಅಪ್ಪನಿಗೆ ಈ ಕಾನೂನು ತುಂಬ ಹಿಡಿಸಿತ್ತು.

'ಕೊನೆಯ ಬುಟ್ಟಿ' ಎಂಬ ಹಾಡಿಗೆ ಡ್ರಮ್ ತುಂಬುವ ದಿನ ತಗಡು ಒಂದು ಇಡೀ ಚರಣ ಬಾರಿಸಲೇ ಇಲ್ಲ. ಕೋಲು ಕೈಯಲ್ಲಿ ಹಿಡಿದು, ಹೆಡ್‌ಫೋನ್ ಕಿವಿಗೆ ಏರಿಸಿಕೊಂಡು, ಕಲ್ಲಿನ ಹಾಗೆ ಕೂತುಬಿಟ್ಟ. ತಾಳದ ಹದಿನಾರು ಸುತ್ತು ಹಾಗೇ ಹೋಯಿತು. ಆಮೇಲೆ ಏನೂ ಆಗದವನಂತೆ ಮತ್ತೆ ಶುರು ಮಾಡಿದ. "ನಿದ್ದೆ ಬಂತೇನೋ?" ಎಂದು ಕಾಂಪೌಂಡರ್ ಎಗರಾಡಿದ. "ಮರೆತೋಯ್ತು," ಎಂದ ತಗಡು. ಭಾನುವಾರ ಮತ್ತೊಮ್ಮೆ ಬಾರಿಸುವುದೆಂದಾಯಿತು. ಅಣ್ಣನ ಅಸಲಿ ಹಾಡಿಕೆಗೂ ಅದೇ ಭಾನುವಾರ ಗೊತ್ತಾಗಿತ್ತು.

ಗುರುವಾರ ತಂಗಿ ಅದೇ ಹಾಡಿನ ಒಂದು ಸಾಲನ್ನು ಬೇಸಿನಲ್ಲಿ ನುಡಿಸುತ್ತ ಕೂತಳು. ಒಂದು ಸಲ ನುಡಿಸಿದಳು, ಸರಿ ಬರಲಿಲ್ಲ. ಹತ್ತು ಸಲ ನುಡಿಸಿದಳು. ಇದ್ದರೂ ಕೇಳಿಸದು ಎಂದವನಿಗೆ ಕೇಳಿಸಿಯೇ ತೀರಬೇಕೆಂಬ ಹಟ ಅವಳಲ್ಲಿ ಕೂತಿತ್ತು. ಒಂದನ್ನೂ ಅಳಿಸದೆ ಎಲ್ಲವನ್ನೂ ಇಟ್ಟುಕೊಂಡಳು. ಇಪ್ಪತ್ತನೆಯದಕ್ಕೆ ಕಂಪ್ಯೂಟರ್ ಜಾಗವಿಲ್ಲ ಎಂದಿತು. 'ಕಚ್ಚಾ' ಎಂದು ಹೆಸರಿಟ್ಟ ಕಡತದಲ್ಲಿ ಅಣ್ಣನ ಆರು ಹಾಡೂ ಇದ್ದವು. ಹೇಗೂ ಭಾನುವಾರ ಚೆನ್ನಾಗಿ ಹಾಡುತ್ತಾನಲ್ಲ ಎಂದುಕೊಂಡು ಅದನ್ನು ಅಳಿಸಿ, ಮತ್ತೆ ನುಡಿಸಿದಳು. ಒಟ್ಟು ಮೂವತ್ತೊಂದು ಸಲವಾಯಿತು.

ಶುಕ್ರವಾರ ಸವಾಲಿನ ನಡುವೆ ಅಣ್ಣನ ಬಾಯಲ್ಲಿ ರಕ್ತ ಬಂತು.

ಗಂಟಲಲ್ಲಿ ಗಂಟು, ತಡ ಮಾಡುವಂತಿಲ್ಲ ಎಂದರು ಡಾಕ್ಟರು. "ಜೀವಕ್ಕೆ ನಾನು ಧೈರ್ಯ ಹೇಳ್ತೀನಿ. ದನಿಗೆ ಹೇಳೋಕಾಗಲ್ಲ," ಎಂದು ಮೊದಲೇ ಬಿಡಿಸಿ ಹೇಳಿದರು. ಜೀವ ಉಳಿಯಿತು. ದನಿಯ ಜಾಗದಲ್ಲಿ ಬರೀ ಗಾಳಿ ಉಳಿಯಿತು. ಮನೆಗೆ ಬಂದ ಅಣ್ಣ, ಹಾಸಿಗೆಯ ಅಳತೆ ಬರೆಯುವ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಮೊದಲು ಬರೆದದ್ದೇ "ಕಚ್ಚಾ ಹಾಡು ಇವೆ ಅಲ್ವಾ?" ಎಂದು.

"ಡಿಸ್ಕ್ ಕೆಟ್ಟೋಯ್ತು ಅಣ್ಣ," ಎಂದಳು ತಂಗಿ. ಅವನು ಬರೆದದ್ದನ್ನು ಅಂಗೈಯಿಂದ ಒರೆಸಿದ. ಫೋನುಗಳಲ್ಲಿ ಹುಡುಕಿದರು. ಅಭ್ಯಾಸದ ತುಣುಕುಗಳಲ್ಲಿ ತಗಡಿನ ಅಬ್ಬರ ಬಿಟ್ಟು ಬೇರೇನೂ ಇರಲಿಲ್ಲ.

ಎಂಟು ತಿಂಗಳು ಕಳೆದವು. ಅಣ್ಣ ಈಗ ಮಾರುಕಟ್ಟೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಕೂತಿದ್ದ. ಮನೆಯಲ್ಲಿ ಅವನು ನಡೆದಾಡಿದ ಸದ್ದು, ಲೋಟ ಇಟ್ಟ ಸದ್ದು ಎಲ್ಲ ಇತ್ತು. ಅವನೊಬ್ಬನು ಮಾತ್ರ ಇಲ್ಲ ಎನಿಸುತ್ತಿತ್ತು. ಯಾರಾದರೂ "ಕಂಪ್ಯೂಟರ್" ಎಂದರೆ ಸಾಕು, ತಂಗಿ ತಲೆ ತಗ್ಗಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿಗೆ ಸೇರಿಬಿಟ್ಟಿದ್ದಳು. ಒಂದು ದಿನ ಕಾಂಪೌಂಡರ್ ಬಂದು, ಡಿಸ್ಕ್ ಹೋದರೆ ಹೋಗಲಿ, ಆರು ಹಾಡನ್ನು ಅರ್ಧಕ್ಕೆ ಬಿಡುವುದು ಬೇಡ, ಮೊದಲಿನಿಂದ ಮಾಡೋಣ ಎಂದ. ಯಾರು ಹಾಡುವುದು? ಅಣ್ಣ ಸ್ಲೇಟನ್ನು ತಂಗಿಯ ಕಡೆ ತಿರುಗಿಸಿದ. "ನೀನು," ಎಂದು ಬರೆದಿದ್ದ.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಎಲ್ಲರೂ ಊಟಕ್ಕೆ ಹೋದಾಗ ಅವಳು ಹತ್ತಿ ಕೋಣೆಗೆ ಬಂದಳು. ಕೆಡದ ಆ ಡಿಸ್ಕಿನಲ್ಲಿ ಯಾವ ಹಾಡು ಎಷ್ಟಾಗಿದೆ ಎಂದು ಒಬ್ಬಳೇ ನೋಡಬೇಕಿತ್ತು. 'ಕೊನೆಯ ಬುಟ್ಟಿ'ಯ ಡ್ರಮ್ ಒಂದನ್ನೇ ಹಾಕಿ ಹೆಡ್‌ಫೋನ್ ಏರಿಸಿಕೊಂಡಳು. ತಗಡು ಬಾರಿಸದೆ ಕೂತ ಜಾಗ ಬಂತು. ಯಂತ್ರ ನಿಂತಿತೇನೋ ಎಂದು ಸದ್ದನ್ನು ಪೂರ್ತಿ ಏರಿಸಿದಳು.

ಯಾರೋ ಹಾಡುತ್ತಿದ್ದರು.

ಬಾವಿಯೊಳಗಿಂದ ಬಂದಷ್ಟು ಸಣ್ಣಗೆ, ಆದರೆ ಅಕ್ಷರ ಅಕ್ಷರವೂ ತಿಳಿಯುವಂತೆ:

ಬಾಡಿತೆಂದು ಬಿಡಬೇಡಿ, ಒಳಗಿನ್ನೂ ಹಸಿರಿದೆ,
ಕೊನೆಯ ಬುಟ್ಟಿ ಇದು ನೋಡಿ, ನನ್ನ ಹೆಸರು ಬರೆದಿದೆ.

ಅವಳು ಹೆಡ್‌ಫೋನ್ ಕಿತ್ತೆಸೆದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಹಾಸಿಗೆಗಳು ಒಂದರ ಮೇಲೊಂದು ಸುಮ್ಮನೆ ಮಲಗಿದ್ದವು. ಪಾಪ ಮಾಡಿದವರಿಗೆ ಹೀಗೆಲ್ಲ ಕೇಳಿಸುತ್ತದೆ ಎಂದುಕೊಂಡಳು. ಮತ್ತೆ ಏರಿಸಿಕೊಂಡಳು. ಮತ್ತೆ ಅದೇ ದನಿ, ಅದೇ ಜಾಗದಲ್ಲಿ ಅದೇ ಉಸಿರು. ಮೂರನೆಯ ಸಲ ಕೇಳುವಾಗ ಬುದ್ಧಿ ತಿಳಿಯಾಯಿತು. ತಗಡಿಗೆ ಕಿವಿ ಮಂದ. ಹೆಡ್‌ಫೋನಿನ ಸದ್ದನ್ನು ಕೊನೆಯ ತನಕ ತಿರುಗಿಸಿಕೊಂಡಿದ್ದ. ಅವನ ಕಿವಿಯಿಂದ ಹೊರಗೆ ಸೋರಿದ ಅಣ್ಣನ ಹಾಡು ಡ್ರಮ್ಮಿನ ಮೈಕಿಗೆ ಬಿದ್ದಿತ್ತು. ಬೇರೆ ಕೋಣೆಯಾಗಿದ್ದರೆ ಬೀದಿಯ ಗದ್ದಲದಲ್ಲಿ ಕಳೆದುಹೋಗುತ್ತಿತ್ತು. ಇಲ್ಲಿ ಹತ್ತಿ ಉಳಿದ ಸದ್ದನ್ನೆಲ್ಲ ನುಂಗಿ ಅದೊಂದನ್ನು ಬಿಟ್ಟಿತ್ತು.

ಕಾರಣ ತಿಳಿದರೆ ದೆವ್ವ ಹೋಗುತ್ತದೆ ಎನ್ನುತ್ತಾರೆ. ಅವಳನ್ನು ಅದು ಆಗಷ್ಟೇ ಹಿಡಿಯಿತು. ದಿನಾ ಮಧ್ಯಾಹ್ನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳತೊಡಗಿದಳು. ಉಳಿದ ಐದು ಹಾಡಿನ ಡ್ರಮ್ಮನ್ನೂ ಜರಡಿ ಹಿಡಿದಳು. ಏಟು ಏಟಿನ ನಡುವೆ ಒಂದು "ಬು", ಒಂದು "ರೀ", ಅರ್ಧ ಉಸಿರು, ಅಷ್ಟೇ. ಸದ್ದು ಏರಿಸಿದರೆ ಮುಂದಿನ ಏಟು ಕಿವಿಗೇ ಬೀಳುತ್ತಿತ್ತು. ಆರು ಹಾಡಿನಲ್ಲಿ ಇಡಿಯಾಗಿ ಉಳಿದದ್ದು ತಗಡು ತಪ್ಪಿದ ಆ ಒಂದೇ ಚರಣ. ಹಿಂಜುವ ಯಂತ್ರದ ಗಿರಗಿರದಲ್ಲೂ, ದಬ್ಬಣ ಬಟ್ಟೆ ತೂರುವ ಸದ್ದಿನಲ್ಲೂ ಅವಳಿಗೆ ಅದೇ ಕೇಳತೊಡಗಿತು. ಊಟಕ್ಕೆ ಕೂತರೆ ಎದುರಿಗೆ ಅಣ್ಣ, ಕಿವಿಯಲ್ಲಿ ಅಣ್ಣ. "ಒಬ್ಬಳೇ ಗೋಡೆ ಜೊತೆ ಮಾತಾಡೋದನ್ನ ಯಾವಾಗ ಕಲಿತೆ?" ಎಂದು ಅಮ್ಮ ಗದರಿದಳು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಹೇಳಿದರೆ ಡಿಸ್ಕಿನ ಸುಳ್ಳೂ ಹೊರಗೆ ಬರುತ್ತದೆ. ಕೆಟ್ಟ ಡಿಸ್ಕಿನಲ್ಲಿ ಡ್ರಮ್ ಹೇಗೆ ಉಳಿಯಿತು, ಮೂವತ್ತೊಂದು ಬೇಸ್ ಹೇಗೆ ಉಳಿಯಿತು?

ಮೂರು ವಾರ ತಡೆದು ತಗಡಿನ ಅಂಗಡಿಗೆ ಹೋದಳು. ಅವನು ತಳ ಹೋದ ಬಕೆಟ್ಟಿನ ಅಂಚು ಬಡಿಯುತ್ತಿದ್ದ.

"ಅವತ್ತು ಆ ಚರಣ ಯಾಕೆ ಮರೆತೆ?" ಎಂದಳು.

"ಜೋರಾಗಿ ಹೇಳು."

ಅವಳು ಕೂಗಿ ಕೇಳಿದಳು. ಅವನು ಸುತ್ತಿಗೆ ಕೆಳಗಿಟ್ಟ.

"ಮರೆತಿರಲಿಲ್ಲ. ನಾನು ಬಾರಿಸೋಕೆ ಶುರು ಮಾಡಿದ್ರೆ ನಿಮ್ಮಣ್ಣನ ಹಾಡು ನಂಗೆ ಕೇಳಿಸಲ್ಲ. ಮೂರು ವರ್ಷ ಒಂದು ಸಲಾನೂ ಸರಿಯಾಗಿ ಕೇಳಿರಲಿಲ್ಲ. ಅವತ್ತು ಹೆಡ್‌ಫೋನಲ್ಲಿ ಕಿವಿ ಪಕ್ಕದಲ್ಲೇ ಹಾಡ್ತಾ ಇದ್ದ. ಕೈ ಏಳಲಿಲ್ಲ. ಕೇಳ್ತಾ ಕೂತೆ." ಬಕೆಟ್ಟನ್ನು ತಿರುಗಿಸಿದ. "ಹಾಗಂದಿದ್ರೆ ಆ ಕಾಂಪೌಂಡರ್ ವರ್ಷಗಟ್ಟಲೆ ಆಡಿಕೊಂಡು ನಗ್ತಿದ್ದ. ಮರೆವು ಅಂದ್ರೆ ಒಂದು ಬೈಗುಳಕ್ಕೆ ಮುಗೀತು."

ಅವಳು ಅಲ್ಲೇ ತಗಡಿನ ಚೂರುಗಳ ನಡುವೆ ಕೂತು ಅತ್ತಳು. ಅವನು ಏನೊಂದೂ ತಿಳಿಯದೆ, ನೀರು ತರಲು ತಳವಿಲ್ಲದ ಬಕೆಟ್ಟನ್ನೇ ಎತ್ತಿಕೊಂಡು ಎದ್ದ.

ಮರುದಿನ ಅಣ್ಣನನ್ನು ಹತ್ತಿ ಕೋಣೆಗೆ ಕರೆದಳು. ಮೊದಲು ಹೇಳಿದಳು, ಆಮೇಲೆ ಕೇಳಿಸಿದಳು. ಹೇಳುವಾಗ ಯಾವುದನ್ನೂ ಮುಚ್ಚಲಿಲ್ಲ: "ಡಿಸ್ಕ್ ಕೆಟ್ಟಿರಲಿಲ್ಲ ಅಣ್ಣ. ನಾನೇ ಅಳಿಸಿದೆ. ನನ್ನ ಒಂದು ಸಾಲಿಗೆ ಜಾಗ ಸಾಲಲಿಲ್ಲ ಅಂತ ನಿನ್ನ ಆರು ಹಾಡೂ ಅಳಿಸಿದೆ." ಅವನು ಹೆಡ್‌ಫೋನ್ ಹಾಕಿಕೊಂಡು ಚರಣವನ್ನು ಒಂದು ಸಲ ಕೇಳಿದ. ಸತ್ತವರ ಮುಂದೆ ನಿಲ್ಲುವ ಹಾಗೆ ಒಂದು ಗಳಿಗೆ ನಿಂತ. ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದ.

ಮಾತೇ ಇಲ್ಲದವನು ಮಾತು ಬಿಟ್ಟರೆ ಹೇಗೆ ಗೊತ್ತಾಗಬೇಕು? ಗೊತ್ತಾಯಿತು. ಸ್ಲೇಟನ್ನು ಅಂಗಡಿಯ ಮೊಳೆಗೆ ತೂಗುಹಾಕಿದ. ಹನ್ನೊಂದು ದಿನ ಅದು ಅಲ್ಲೇ ತೂಗಿತು. ಅಪ್ಪ ಅದರ ಮೇಲೆ ಹಾಸಿಗೆಯ ಅಳತೆ ಬರೆಯಲು ಮತ್ತೆ ಶುರು ಮಾಡಿದ. ತಂಗಿ ಅದನ್ನು ನೋಡಲಾರದೆ ಆ ಗೋಡೆಗೆ ಬೆನ್ನು ಹಾಕಿ ಕೆಲಸ ಮಾಡಿದಳು.

ಹನ್ನೆರಡನೆಯ ದಿನ, ಮಧ್ಯಾಹ್ನ, ಅಣ್ಣ ಕಾಂಪೌಂಡರ್, ತಗಡು ಇಬ್ಬರಿಗೂ ಚೀಟಿಯಲ್ಲಿ ವಿಷಯ ತಿಳಿಸಿ ಕರೆದುಕೊಂಡು ಬಂದ. ಮೊಳೆಯಿಂದ ಸ್ಲೇಟು ತೆಗೆದು ಅಳತೆ ಒರೆಸಿ ಬರೆದ: "ಎಲ್ಲ ವಾದ್ಯ ಸೇರಿಸಿ ಹಾಕು."

ಹಾಕಿದಳು. ಆ ಚರಣ ಬಂದಾಗ ಗಿಟಾರೂ ಬೇಸೂ ತುಂಬಿಕೊಂಡು ದನಿ ಎಲ್ಲಿ ಹೋಯಿತೋ ತಿಳಿಯಲೇ ಇಲ್ಲ. "ನಂದು ತೆಗೆದುಬಿಡು," ಎಂದ ಕಾಂಪೌಂಡರ್, ಯಾರೂ ಕೇಳುವ ಮೊದಲೇ. ಗಿಟಾರ್ ತೆಗೆದರೂ ಕೇಳಿಸಲಿಲ್ಲ. ಬೇಸ್ ಗುಂಯ್ಗುಟ್ಟುತ್ತಿತ್ತು. ಅವಳ ಆ ಸಾಲು ಕೂತಿದ್ದದ್ದು ಸರಿಯಾಗಿ ಅಲ್ಲೇ. ಅಣ್ಣ ಬರೆದ: "ಅಳಿಸು. ಒಂದೊಂದೇ."

ಅವಳು ಅಳಿಸತೊಡಗಿದಳು. ಪ್ರತಿ ಸಲವೂ ಯಂತ್ರ ಖಚಿತವೇ ಎಂದು ಕೇಳಿತು, ಪ್ರತಿ ಸಲವೂ ಅವಳು ಹೌದೆಂದಳು. ಹತ್ತು ಹೋದವು. ಇಪ್ಪತ್ತು ಹೋದವು. ಕಣ್ಣೀರಿಗೆ ಪರದೆ ಕಾಣದಾಯಿತು. ಮೂವತ್ತು ಮುಗಿದು, ಕೊನೆಯದರ ಮೇಲೆ ಬೆರಳಿಟ್ಟಾಗ ಅಣ್ಣ ಅವಳ ಕೈ ಹಿಡಿದ. ತುಸು ಬಾಗಿ ಆ ಗಾಳಿದನಿಯಲ್ಲೇ "ಕೊನೇ ಬುಟ್ಟಿ," ಎಂದ. ಅದೊಂದನ್ನು ಅಳಿಸಗೊಡದೆ ಅವಳ ಕೈಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಹಲಗೆಯನ್ನು ತಟ್ಟಿದ. ಒಂದು ಸಲ. ಎರಡು ಸಲ. ಮೂರು ಸಲ.

ಸರಕು ಹೋಯಿತು. ಇನ್ನು ಅದರ ಬಗ್ಗೆ ಯಾರೂ ಮಾತಾಡುವಂತಿರಲಿಲ್ಲ.

ಮೂರು ವರ್ಷದ ಅಭ್ಯಾಸ ಕೈಯಲ್ಲಿ ಕೂತಿತ್ತು. ಆ ಮೂರು ಏಟಿಗೆ ತಗಡು ಕೋಲು ಹುಡುಕಿದ, ಕಾಂಪೌಂಡರ್ ಗಿಟಾರ್ ಎತ್ತಿದ, ಅವಳು ಮೂಗು ಒರೆಸಿಕೊಂಡು ಬೇಸನ್ನು ಕೊರಳಿಗೆ ಹಾಕಿಕೊಂಡಳು. 'ಕೊನೆಯ ಬುಟ್ಟಿ'ಯನ್ನೇ ನುಡಿಸಿದರು, ಹಾಡುವವರಿಲ್ಲದೆ. ಆ ಚರಣ ಬಂದಾಗ, ಯಾರೂ ಯಾರಿಗೂ ಹೇಳದಿದ್ದರೂ, ಮೂವರ ಕೈಗಳೂ ಒಟ್ಟಿಗೆ ನಿಂತವು. ಅಣ್ಣ ಕಣ್ಣು ಮುಚ್ಚಿ ಹಾಡಿದ. ತುಟಿ ಆಡಿತು, ಕೊರಳಿನ ಗಾಯದ ಗೆರೆ ಏರಿ ಇಳಿಯಿತು, ಕೋಣೆಯಲ್ಲಿ ಒಂದು ಸೊಲ್ಲೂ ಇರಲಿಲ್ಲ. ತಂಗಿಗೆ ಪ್ರತಿ ಅಕ್ಷರವೂ ಕೇಳಿಸಿತು. ಹದಿನಾರನೆಯ ಸುತ್ತಿಗೆ ಅಣ್ಣನ ತುಟಿ ಮುಚ್ಚಿತು, ತಗಡು ಕೋಲು ಎತ್ತಿದ.