ಸಂತೆ ದಿನದ ಆರಾಧನೆ

ಕರಾವಳಿಯಿಂದ ಘಾಟಿ ಹತ್ತಿ, ಹೆತ್ತೂರಿನ ಕಡೆಯ ಒಂದು ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಸಭಾಪಾಲಕನಾಗಿ ಬಂದಾಗ ನನಗೆ ಮೂಗಿನ ತುದಿಯಲ್ಲೇ ಕೋಪ. ಭಾನುವಾರ ಬೆಳಿಗ್ಗೆ ಗಂಟೆ ಬಾರಿಸಿದರೆ ಬಂದು ಕೂರುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಖಾಲಿ ಚಾಪೆಗಳಿಗೆ ಪ್ರಸಂಗ ಮಾಡಿ ಗಂಟಲು ಒಣಗುತ್ತಿತ್ತು. ಬೆಟ್ಟದವರಿಗೆ ಭಕ್ತಿ ಕಮ್ಮಿ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಹೀಗೇ ಆದರೆ ಮಂದಿರ ಮುಚ್ಚಬೇಕಾಗುತ್ತದೆ ಎಂದು ನಮ್ಮ ಹಿರಿಯ ಪಾದ್ರಿಗಳು ಫೋನಿನಲ್ಲಿ ಹೇಳಿದರು. ಅದೇ ವಾರ ತರಕಾರಿಗೆಂದು ನಾವಿಬ್ಬರೂ ಗುರುವಾರದ ಸಂತೆಗೆ ಹೋದೆವು. ಈರುಳ್ಳಿ ರಾಶಿಯ ಮುಂದೆ, ಬಳೆಯವನ ಸುತ್ತ, ಎಲ್ಲಿ ನೋಡಿದರೂ, ಬಂದ ಹೊಸದರಲ್ಲಿ ಮನೆಮನೆಗೆ ಹೋಗಿ ಕಂಡಿದ್ದ ನನ್ನ ಸಭೆಯವರೇ! ಹೆಂಡತಿ ಕಿಸಕ್ಕನೆ ನಕ್ಕಳು.

"ಗಂಟೆ ಇಲ್ಲಿ ಬಾರಿಸಬೇಕಿತ್ತು ಮಾರಾಯ್ರೆ ನೀವು."

ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸೊಬ್ಬಳು ನಮ್ಮನ್ನು ಕಂಡು ಹತ್ತಿರ ಬಂದಳು. ಭಾನುವಾರ ಯಾಕಮ್ಮ ಬರುವುದಿಲ್ಲ ಎಂದು ಕೇಳಿದೆ.

"ಭಾನ್ವಾರ ಕೆಲ್ಸ ಐತಲ್ಲ ಅಯ್ನೋರೆ. ನಮ್ಗೆ ರಜ ಅಂದ್ರೆ ಸಂತೆ ದಿನಾನೇ ಕಣ್ರೀ. ಯಾರೂ ಹೇಳ್ನಿಲ್ವಾ ನಿಮ್ಗೆ?"

ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಲೋಕಕ್ಕೆಲ್ಲ ಭಾನುವಾರವೇ ರಜೆ ಎಂದು ಹುಟ್ಟಿದಾಗಿನಿಂದ ನಂಬಿದವನು ನಾನು. ಆರಾಧನೆಯನ್ನು ಕಾಯಿಪಲ್ಲೆ ದಿನಕ್ಕೆ ಬದಲಿಸಲು ಮನಸ್ಸು ಸುಲಭಕ್ಕೆ ಒಪ್ಪಲಿಲ್ಲ. "ಭಾನುವಾರ ನಾವಿಬ್ಬರು ಮನೆಯಲ್ಲೇ ಪ್ರಾರ್ಥನೆ ಮಾಡುವ, ಅವರಿಗೆ ಗುರುವಾರ ಬಾಗಿಲು ತೆಗೀರಿ" ಎಂದು ಹೆಂಡತಿ ಬೆನ್ನು ಬಿಡಲಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಬಾಗಿಲು ತೆರೆಯತೊಡಗಿದೆ. ಮೊದಲು ನಾಲ್ಕಾರು ಜನ ಬಂದರು, ಬರಬರುತ್ತಾ ಚಾಪೆ ಸಾಲದಾಯಿತು.

ಇದ್ಯಾವುದನ್ನೂ ಹಿರಿಯ ಪಾದ್ರಿಗಳಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ. ಒಂದು ಗುರುವಾರ ಸಂಜೆ, ಮುಚ್ಚುವ ಮಾತು ಮುಗಿಸಿಯೇ ಹೋಗಬೇಕೆಂದು ಅವರು ಹೇಳದೆ ಬಂದುಬಿಟ್ಟರು. ಚಾಪೆಯ ಮೇಲೆ ಕೂತು ಮಾತು ಶುರುಮಾಡುವಷ್ಟರಲ್ಲಿ ಜನ ಚೀಲ, ಕೊಡೆ, ಕಾಲು ಕಟ್ಟಿದ ಕೋಳಿ ಸಮೇತ ಒಳಗೆ ಬರತೊಡಗಿದರು. ಒಣಮೀನಿನ ವಾಸನೆಗೆ ಹಿರಿಯರು ಕರವಸ್ತ್ರ ತೆಗೆದರು.

"ಗುರುವಾರ ಆರಾಧನೆಯೇ? ಯಾರನ್ನು ಕೇಳಿ ಮಾಡಿದಿರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಕೊಯ್ಯುವ ಆ ಹೆಂಗಸು ತುಂಬಿದ ಚೀಲ ಹಿಡಿದು ಬಂದು, ಅವರು ಯಾರೆಂದು ತಿಳಿಯದೆ, ಪಕ್ಕದಲ್ಲೇ ನಿಂತಳು.

"ಒಸಿ ಅತ್ಲಾಗ್ ಜರುಗಿ ಸ್ವಾಮಿ, ಕೂರಕ್ಕೆ ಜಾಗ ಇಲ್ಲ."

ಹಿರಿಯರು ನನ್ನ ಮುಖ ನೋಡಿದರು, ತುಂಬಿದ ಮಂದಿರವನ್ನು ನೋಡಿದರು. ಆಮೇಲೆ ಕಾಲು ಮಡಚಿಕೊಂಡು ಗೋಡೆಗೆ ಒತ್ತಿ ಕೂತು ಅವಳಿಗೆ ಜಾಗ ಮಾಡಿಕೊಟ್ಟರು.