ಮೂಗಿನ ಮಾತಿಗೂ ದುಭಾಷಿ

ವ್ಯಾಪಾರಿಯ ಕಣ್ಣಿಗೆ ಪಿಪಾಲುಕ್ ಲಾಭದ ಸರಕಲ್ಲ. ವಯಸ್ಸು ಐವತ್ತು ದಾಟಿತ್ತು, ಸೀಗಡಿ ಕಾರ್ಖಾನೆಯ ತಣ್ಣೀರಲ್ಲಿ ಬೆರಳು ಸೊಟ್ಟಗಾಗಿದ್ದವು, ಎಡಗಿವಿ ಅಷ್ಟಕ್ಕಷ್ಟೆ. ಗಂಡ ಸತ್ತ ಮೇಲೆ ಉಳಿದದ್ದು ಬಂದರಿನ ಮೇಲಿನ ಹಳದಿ ಮನೆ, ಅದರ ಸೂರೂ ಸೋರುತ್ತಿತ್ತು. ಆದರೆ ನಾಲಿಗೆ ಮಾತ್ರ ಮೂರು: ನಮ್ಮ ಗ್ರೀನ್‌ಲ್ಯಾಂಡಿನದು, ಡೇನರದು, ಇಂಗ್ಲಿಷಿನದು. ಬೆಲೆ ಬಂದದ್ದು ಅದಕ್ಕೆ.

ನನ್ನ ಅಂಗಡಿಗೆ ಬಂದರೆ ಮೂರರಲ್ಲಿ ಒಂದನ್ನೂ ಸವೆಸುತ್ತಿರಲಿಲ್ಲ. ಕಾಫಿಪುಡಿ ಬೇಕಿದ್ದರೆ ಹುಬ್ಬೇರಿಸುವಳು, ಬೇಡವಾದರೆ ಮೂಗು ಸುಕ್ಕಿಸುವಳು. ಅದೇನೂ ವಿಶೇಷವಲ್ಲ, ನಮ್ಮೂರಲ್ಲಿ ಅರ್ಧ ವ್ಯಾಪಾರ, ಮುಕ್ಕಾಲು ಸಂಸಾರ ನಡೆಯುವುದೇ ಹೀಗೆ.

ಸೀಗಡಿ ಕಾರ್ಖಾನೆ ಮುಚ್ಚಿ ಜನ ಒಬ್ಬೊಬ್ಬರಾಗಿ ರಾಜಧಾನಿ ನೂಕ್‌ನ ಹಡಗು ಹತ್ತುತ್ತಿದ್ದಾಗ ಗಣಿ ಕಂಪನಿ ಬಂತು. ಊರ ಹಿಂದಿನ ಗುಡ್ಡದಲ್ಲಿ ಎಂಥದೋ ಅಪರೂಪದ ಲೋಹವಂತೆ. ಕ್ಷಿಪಣಿಗೂ ಬೇಕು, ಫೋನಿಗೂ ಬೇಕು. ಚೀನಾದವರಿಗೆ ಸಿಗಬಾರದೆಂದು ಅಮೆರಿಕದವರ ಆಸೆ, ಅಮೆರಿಕದವರಿಗೆ ಸಿಗಬಾರದೆಂದು ಚೀನಾದವರ ಆಸೆ. ಗುಡ್ಡದ ಬುಡದಲ್ಲಿ ನಾವಿದ್ದೇವೆ ಅನ್ನುವುದು ಯಾರಿಗೂ ನೆನಪಿದ್ದಂತಿಲ್ಲ. ಅದೇ ಕಲ್ಲಿನಲ್ಲಿ ಯುರೇನಿಯಂ ಬೇರೆ. ಧೂಳೆದ್ದರೆ ಬೀಳುವುದು ನಮ್ಮ ಕುರಿಗಳ ಹುಲ್ಲಿನ ಮೇಲೆ.

ಕಂಪನಿ ಪಿಪಾಲುಕ್‌ಳನ್ನು ದುಭಾಷಿಯಾಗಿ ಇಟ್ಟುಕೊಂಡಿತು. ಅವರ ಶಿಬಿರಕ್ಕೆ ಹಿಟ್ಟು, ಬೆಣ್ಣೆ, ಬಿಯರ್ ನನ್ನ ಅಂಗಡಿಯಿಂದ.

“ಏನು ಎನೋಕ್, ಅವರು ಗುಡ್ಡ ಅಗೆಯೋಕೆ ಮುಂಚೆನೇ ನಿನ್ನ ಹೊಟ್ಟೆ ಗುಡ್ಡ ಆಗ್ತಿದೆ,” ಅಂದಳು ಒಮ್ಮೆ.

“ನಿನ್ನ ಸೂರಿಗೂ ಹೊಸ ತಗಡು ಬಂತಲ್ಲ ತಾಯಿ. ಯಾವ ಗುಡ್ಡದ್ದು?”

“ತಮಾಷೆ ಸಾಕು. ಈ ಕೆಲಸ ಹೋದ್ರೆ ನಾನೂ ನೂಕ್‌ಗೆ ಹೋಗಿ ಯಾರದೋ ಮನೆ ಮೂಲೇಲಿ ಬಿದ್ಕೋಬೇಕು. ನನ್ನವನು ಇಲ್ಲೇ ಮಣ್ಣಲ್ಲಿದಾನೆ. ಅವನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”

ಆ ಸೆಪ್ಟೆಂಬರಿನಲ್ಲಿ ಸಮುದಾಯ ಭವನದಲ್ಲಿ ಊರವರ ಸಭೆ ಸೇರಿತು. ಹೊರಗೆ ದಟ್ಟ ಮಂಜು, ಒಳಗೆ ಕಂಪನಿ ಖರ್ಚಿನ ಕೇಕು. ಕಂಪನಿಯ ಮುಖ್ಯಸ್ಥ ಪರದೆಯ ಮೇಲೆ ಚಿತ್ರ ತೋರಿಸಿ ತೋರಿಸಿ ಕೊನೆಗೆ ಕೇಳಿದ: “ಈ ಗಣಿಗೆ ನಿಮ್ಮೆಲ್ಲರ ಒಪ್ಪಿಗೆ ಇದೆಯಾ?” ಪಿಪಾಲುಕ್ ಅದನ್ನು ನಮ್ಮ ಭಾಷೆಗೆ ತಂದಳು.

ಮುಂದಿನ ಸಾಲಿನಲ್ಲಿದ್ದ, ಕುರಿ ಸಾಕುವ ಕಾಲೆರಾಕ್ ಅಜ್ಜ ಮೂಗು ಸುಕ್ಕಿಸಿದ. ಪಕ್ಕದಲ್ಲಿದ್ದ ಹೆಂಡತಿಯೂ ಸುಕ್ಕಿಸಿದಳು. ಹಾಗೇ ಸಾಲುಸಾಲಾಗಿ ಹಿಂದಕ್ಕೆ. ಬಾಗಿಲ ಹತ್ತಿರ ನಿಂತಿದ್ದ ನನ್ನ ಮೂಗೂ ಅಂಗಡಿಯನ್ನು ಒಂದು ಮಾತು ಕೇಳದೆ ಸುಕ್ಕಿತು. ಪಿಪಾಲುಕ್ ಅದನ್ನು ನೋಡಿದಳು.

“ಸರಿ, ಯಾರದೂ ಆಕ್ಷೇಪ ಇಲ್ಲ ಅಂತ ಬರ್ಕೊಳ್ಳಿ,” ಅಂದ ಮುಖ್ಯಸ್ಥ, ಗುಮಾಸ್ತನಿಗೆ.

“ಬರೀಬೇಡಿ,” ಅಂದಳು ಪಿಪಾಲುಕ್. “ಅವರು ಬೇಡ ಅಂದ್ರು.”

“ಯಾರೂ ಬಾಯೇ ಬಿಡಲಿಲ್ಲವಲ್ಲ?”

“ಮೂಗು ಸುಕ್ಕಿಸಿದ್ರು. ಅದೇ ಉತ್ತರ.”

“ನೋಡಮ್ಮ, ಆಡಿದ ಮಾತನ್ನ ಹೇಳೋದಷ್ಟೇ ನಿಮ್ಮ ಕೆಲಸ.”

“ಅದನ್ನೇ ಮಾಡ್ತಿದೀನಿ.”

ಕಾಲೆರಾಕ್ ಅಜ್ಜ ಹೆಂಡತಿಯ ಕಿವಿಯಲ್ಲಿ ಅಂದದ್ದು ಬಾಗಿಲವರೆಗೂ ಕೇಳಿಸಿತು, “ಇವಳ ಹೊಸ ಸೂರೂ ಇನ್ನು ಸೋರೋದೇ.” ಆದರೂ ಎದ್ದು ನಿಂತು ಯಾರೂ ಏನೂ ಹೇಳಲಿಲ್ಲ. ಉತ್ತರ ಕೊಟ್ಟಾಗಿತ್ತು. ಕೊಟ್ಟದ್ದನ್ನೇ ಮತ್ತೆ ಕೂಗಿ ಹೇಳುವುದು ನಮ್ಮಲ್ಲಿ ಒರಟುತನ.

ಸಭೆ ಮುಗಿದ ಮೇಲೆ ಮುಖ್ಯಸ್ಥ ಅವಳನ್ನು ಮೂಲೆಗೆ ಕರೆದ. ನಾನು ಪಕ್ಕದಲ್ಲೇ ಲೋಟ ಎತ್ತಿಡುತ್ತಿದ್ದೆ.

“ಬೇಡ ಅಂದೋರಲ್ಲಿ ನಮ್ಮಿಂದ ಸಂಬಳ, ವ್ಯಾಪಾರ ಪಡೀತಿರೋರು ಯಾರಾದ್ರೂ ಇದ್ರಾ? ಹೆಸರು ಹೇಳಿ ಸಾಕು. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ.”

ಅವಳ ಕಣ್ಣು ನನ್ನನ್ನು ಮುಟ್ಟದೆ ಗೋಡೆಯ ಕಡೆ ಹೋಯಿತು. ಮೂಗು ಸುಕ್ಕಿಸಿದಳು. ಅವನು ಉತ್ತರಕ್ಕೆ ಕಾಯುತ್ತಲೇ ನಿಂತಿದ್ದ.

ಮರುವಾರ ಕೋಪನ್‌ಹೇಗನ್ನಿನಿಂದ ಬೇರೆ ದುಭಾಷಿ ಬಂದ. ಸಭೆಯ ವರದಿಯಲ್ಲಿ ಆಕ್ಷೇಪ ಇಲ್ಲವೆಂದೇ ಇತ್ತು. ಕೊಲ್ಲಿ ಹೆಪ್ಪುಗಟ್ಟುವ ಮೊದಲು ಪಿಪಾಲುಕ್ ಹಡಗು ಹತ್ತಿದಳು. ಗಂಡನ ಗೋರಿಯ ಶಿಲುಬೆಗೆ ವರ್ಷಕ್ಕೊಮ್ಮೆ ಬಣ್ಣ ಬಳಿ ಅಂದಳು ನನಗೆ. ಈಗ ನೂಕ್‌ನಲ್ಲಿ ಯಾರದೋ ಹಿಂದಿನ ಕೋಣೆಯಲ್ಲಿದ್ದಾಳೆ, ಶಾಲೆಯ ನೆಲ ಒರೆಸುತ್ತಾಳೆ. “ಚೆನ್ನಾಗಿದೀಯಾ?” ಎಂದು ಫೋನಿನಲ್ಲಿ ಕೇಳಿದರೆ ಆ ಕಡೆ ಮೌನ. ಹುಬ್ಬೋ ಮೂಗೋ, ಫೋನಿನಲ್ಲಿ ಕೇಳಿಸುವುದಿಲ್ಲ.

ಗುಡ್ಡದಲ್ಲಿ ಸಿಡಿಮದ್ದು ಸಿಡಿಯುತ್ತಿದೆ. ಅಜ್ಜ ಕುರಿ ಮಾರಿದ. ಶಿಬಿರ ದೊಡ್ಡದಾಗಿದೆ, ಹಿಟ್ಟು ಬೆಣ್ಣೆ ಇನ್ನೂ ನನ್ನಲ್ಲಿಂದಲೇ ಹೋಗುತ್ತದೆ. ಅವಳು ಅಂದು ಒಂದೇ ಒಂದು ಹೆಸರು ಹೇಳಿದ್ದರೆ ಅವಳು ಊರಲ್ಲಿರುತ್ತಿದ್ದಳು, ನಾನು ಹಡಗು ಹತ್ತುತ್ತಿದ್ದೆ. ಈ ಅಂಗಡಿಗೂ, ಈ ಊರಿನಲ್ಲಿ ನಾನು ಉಳಿದದ್ದಕ್ಕೂ ನಾನು ಪಿಪಾಲುಕ್‌ಳಿಗೆ ಋಣಿ.