ಲಾರಿ ಗುಜರಿಗೆ ಹೋದದ್ದು

ಹುಳಿಯಾರಿನ ಕಡೆಯಿಂದ ತೆಂಗಿನ ಸಿಪ್ಪೆ ತುಂಬಿಕೊಂಡು ಬರುತ್ತಿದ್ದೆವು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಎಲ್ಲೋ ಒಂದು ಉಬ್ಬಿಗೆ ಲಾರಿ ಎಗರಿತು, ಕಾಲಡಿಯ ರಬ್ಬರ್ ಮ್ಯಾಟ್ ಪಕ್ಕಕ್ಕೆ ಸರಿಯಿತು. ಎಳೆದುಕೊಳ್ಳೋಣವೆಂದು ಬಗ್ಗಿದವಳಿಗೆ ಕೆಳಗೆ ರಸ್ತೆಯೇ ಕಂಡಿತು. ಅಂಗೈ ಅಗಲದ ತೂತು. ಅದರೊಳಗೆ ಟಾರು ಸರಸರನೆ ಹಿಂದಕ್ಕೆ ಓಡುತ್ತಿತ್ತು. ನನ್ನ ಚಪ್ಪಲಿಯ ತುದಿ ತೂತಿನ ಅಂಚಿನಲ್ಲಿತ್ತು.

ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತೆ. ನನ್ನ ಗಂಡ ರಸ್ತೆಯಿಂದ ಕಣ್ಣು ತೆಗೆಯದೆ, "ತಗಡು ಹಾಕ್ತೀನಿ ಬುಡು" ಅಂದರು.

ನಮ್ಮ ಮನೆ ಬಿಳಿಗೆರೆ ಹತ್ತಿರ. ತೋಟಗಳಲ್ಲಿ ಕಾಯಿ ಸುಲಿದ ಮೇಲೆ ಉಳಿಯುವ ಸಿಪ್ಪೆಯನ್ನು ಎತ್ತಿ ನಾರಿನ ಕಾರ್ಖಾನೆಗಳಿಗೆ ಹಾಕುವುದು ನಮ್ಮ ಕೆಲಸ. ಯಾರ ತೋಟದಲ್ಲಿ ಯಾವಾಗ ಸುಲಿಯುತ್ತಾರೆ ಎಂದು ವಿಚಾರಿಸಿ ಮಾತಾಡುವವಳು ನಾನು, ಲಾರಿ ಓಡಿಸುವವರು ಅವರು. ಲಾರಿ ನಮ್ಮ ಕೈಗೆ ಬಂದಾಗಲೇ ಹಳೆಯದು. ಅದಕ್ಕೂ ಮುಂಚೆ ಕರಾವಳಿಯಲ್ಲಿ ಮೀನು, ಐಸು ಹೊತ್ತಿತ್ತಂತೆ. ಉಪ್ಪುನೀರು ಕುಡಿದ ಕಬ್ಬಿಣ. ನಮ್ಮಲ್ಲಿಗೆ ಬಂದಮೇಲೆ ಹಸಿ ಸಿಪ್ಪೆಯ ನೀರು ವರ್ಷಗಟ್ಟಲೆ ಅದರ ಮೈಮೇಲೆ ಸೋರಿತು. ಎಲ್ಲಿ ತುಕ್ಕು ಎದ್ದರೂ ನನ್ನ ಗಂಡ ಉಜ್ಜಿ ಬಣ್ಣ ಬಳಿಯುತ್ತಿದ್ದರು. ಹೊರಗಿನಿಂದ ನೋಡಿದವರು ಲಾರಿಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅನ್ನುತ್ತಿದ್ದರು.

ಆ ತೂತು ಕಂಡ ಮೇಲೆ ನನಗೆ ಲಾರಿಯ ಪ್ರತಿಯೊಂದು ಸದ್ದೂ ಕೇಳಿಸತೊಡಗಿತು. ಹಳ್ಳ ಇಳಿದಾಗ ಕಿರ್ ಅನ್ನುತ್ತಿದ್ದದ್ದು, ತಿರುವಿನಲ್ಲಿ ಹಿಂದೆಲ್ಲೋ ಲೊಟಕ್ ಅನ್ನುತ್ತಿದ್ದದ್ದು. ಮೊದಲೂ ಇದ್ದ ಸದ್ದುಗಳೇ ಇರಬಹುದು. ಹೊಸದೋ ಹಳೆಯದೋ ಗೊತ್ತಾಗದೆ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದೆ. ನನ್ನ ಕಡೆಯ ಬಾಗಿಲಿನ ಕೀಲೂ ತುಕ್ಕು ತಿಂದು ಹೋಗಿದ್ದರಿಂದ ಅದನ್ನು ಹಗ್ಗ ಬಿಗಿದು ಕಟ್ಟಿದ್ದರು. ಹತ್ತುವುದೂ ಇಳಿಯುವುದೂ ಅವರ ಕಡೆಯಿಂದಲೇ. ಏನಾದರೂ ಆದರೆ ನಾನು ಹೊರಗೆ ಬರುವುದು ಹೇಗೆ ಎಂದು ಯೋಚಿಸಿ, ಯೋಚನೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಬೇರೆ ಗಾಡಿ ನೋಡೋಣ ಎಂದು ಒಂದೆರಡು ಸಲ ಹೇಳಿದೆ. ಇಂಜಿನ್ ಇನ್ನೂ ಗಟ್ಟಿ, ಮೇಲಿನ ತಗಡಿಗೆ ತುಕ್ಕು ಹಿಡಿದರೆ ಏನಂತೆ ಅಂದರು. ಆಮೇಲೆ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

ಸ್ವಲ್ಪ ದಿನಕ್ಕೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟರು. ಇವತ್ತು ದೂರ, ಇವತ್ತು ಬಿಸಿಲು, ಇವತ್ತು ನೀನು ಬಂದು ಏನು ಮಾಡುತ್ತೀಯ. ನನ್ನ ಗೊಣಗಾಟಕ್ಕೆ ಬೇಸತ್ತಿದ್ದಾರೆ ಅಂದುಕೊಂಡು ನಾನೂ ಮುಖ ಊದಿಸಿಕೊಂಡೆ. ಒಂದು ಬೆಳಿಗ್ಗೆ ನಮ್ಮಲ್ಲಿ ಲೋಡು ತುಂಬುವ ಹೆಂಗಸೊಬ್ಬಳು ಮನೆಗೆ ಬಂದಳು. ಅವಳೂ ಅವಳ ಜೊತೆಯವರೂ ಯಾವಾಗಲೂ ಲಾರಿ ಹತ್ತಿಯೇ ತೋಟಗಳಿಗೆ ಹೋಗುತ್ತಿದ್ದವರು, ತುಂಬಿದ ಮೇಲೆ ಸಿಪ್ಪೆಯ ರಾಶಿಯ ಮೇಲೆ ಕೂತು ಬರುತ್ತಿದ್ದವರು.

"ಅಕ್ಕಾ, ಯಜಮಾನ್ರಿಗೆ ನಮ್ ಮ್ಯಾಲೆ ಏನಾರ ಬೇಜಾರಾ?" ಅಂದಳು. "ಲಾರಿ ಹತ್ಬೇಡಿ, ಬಸ್ಸಲ್ಲಿ ಬನ್ನಿ ಅಂತಾರೆ. ಬಸ್ ಚಾರ್ಜೂ ಅವ್ರೇ ಕೊಡ್ತಾರೆ."

ಅವಳಿಗೆ ಏನೋ ಸಬೂಬು ಹೇಳಿ ಕಳಿಸಿ, ಅವರು ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ಲಾರಿ ನನ್ನ ಮುಂದೆಯೇ ತಿರುಗಿತು. ಅವರ ಕಡೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಚಿಲಕ ಬೀಳದ ಹಾಗೆ ನಡುವೆ ಬಟ್ಟೆ ತುರುಕಿ, ಒಳಗಿನಿಂದ ಒಂದು ದಾರದಲ್ಲಿ ಹಿಡಿದು ನಿಲ್ಲಿಸಿದ್ದರು. ಎಳೆದರೆ ಬಿಚ್ಚುವ ಗಂಟು. ಹಾರಿಕೊಳ್ಳಲು ಸಿದ್ಧ ಮಾಡಿಟ್ಟುಕೊಂಡಿದ್ದ ಬಾಗಿಲು ಅದು.

ಅಂದು ಅವರು ಬರುವವರೆಗೆ ನಾನು ಒಲೆ ಹಚ್ಚಲಿಲ್ಲ. ಫೋನು ಮಾಡಲು ಹೆದರಿಕೆ. ಓಡಿಸುತ್ತಿರುವಾಗ ಗಮನ ತಪ್ಪಿದರೆ? ರಸ್ತೆಯಲ್ಲಿ ದೊಡ್ಡ ಗಾಡಿ ಬಂದ ಸದ್ದಾದಾಗಲೆಲ್ಲ ಹೊರಗೆ ಬಂದು ನೋಡಿದೆ. ಸಂಜೆ ಅವರು ಬಂದು ಕಾಲು ತೊಳೆಯುವಾಗ ಬಾಗಿಲಿನ ವಿಷಯ ಕೇಳಿದೆ. ಉಳಿದ ನೀರನ್ನೆಲ್ಲ ಕಾಲಿಗೆ ಸುರಿದುಕೊಂಡರು.

"ಹಿಂದ್ಗಡೆಯಿಂದ ಒಂದು ಸದ್ದು ಬತ್ತೈತೆ ಕಣೇ," ಅಂದರು ಕಡೆಗೆ. "ಲೋಡ್ ಇದ್ದಾಗ ಚಾಸಿ ನುಲಿದಂಗಾಗುತ್ತೆ. ಒಬ್ನೇ ಇದ್ರೆ ಹೆಂಗೋ ಹಾರ್ಕೊತೀನಿ."

ಮದುವೆಯಾದಾಗಿನಿಂದ ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ದಿನ ನನ್ನದು ಹೆಂಗಸಿನ ಪುಕ್ಕಲುತನ ಎಂದು ಅಷ್ಟೋ ಇಷ್ಟೋ ಸಮಾಧಾನ ಮಾಡಿಕೊಂಡಿದ್ದೆ. ಈಗ ಆ ಸಮಾಧಾನವೂ ಹೋಯಿತು.

ಮಾರನೆಯ ದಿನ ಖಾಲಿ ಲಾರಿಯನ್ನು ತಿಪಟೂರಿನ ವೆಲ್ಡಿಂಗ್ ಅಂಗಡಿಗೆ ತೆಗೆದುಕೊಂಡು ಹೋದರು. ನಾನು ಬಸ್ಸಿನಲ್ಲಿ ಹೋದೆ. ಅಂಗಡಿಯವರು ನನ್ನ ಗಂಡನಿಗೆ ಹಳೆಯ ಪರಿಚಯ. ಲಾರಿಯ ಅಡಿಗೆ ಮಲಗಿ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದರು. ಮೊದಲು ಠಣ್ ಅಂದದ್ದು ಹಿಂದಕ್ಕೆ ಹೋಗುತ್ತಾ ಡಬ್ ಅನ್ನತೊಡಗಿತು. ಹೊರಗೆ ಬಂದಾಗ ಅಂಗಡಿಯವರ ಅಂಗಿಯ ತುಂಬ ಕೆಂಪು ಪುಡಿ. ಕೈಯಲ್ಲಿ ಚಾಸಿಯ, ಅಂದರೆ ಇಡೀ ಲಾರಿಯ ಭಾರ ಹೊರುವ ಕಬ್ಬಿಣದ, ಒಂದು ಚೂರು. ಪದರ ಪದರವಾಗಿ ಎದ್ದು, ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಕಬ್ಬಿಣದ ಪಟ್ಟಿ ಕೊಟ್ಟು ವೆಲ್ಡ್ ಮಾಡಬಹುದು, ಓಡುತ್ತದೆ, ಎಷ್ಟು ದಿನ ಅಂತ ಮಾತ್ರ ಕೇಳಬೇಡಿ ಅಂದರು ಅಂಗಡಿಯವರು. ನನ್ನ ಗಂಡನ ಮುಖ ಅರಳಿತು. ಯಾವತ್ತು ಬಿಡಲಿ, ಎಷ್ಟು ದಿನ ಬೇಕು ಎಂದು ಆಗಲೇ ಕೇಳತೊಡಗಿದರು. ಬೇರೆ ಲಾರಿ ಎಂದರೆ ಅವರಿಗೆ ಎಂಥ ಭಯವಿತ್ತು ಎಂದು ನನಗೆ ಅಲ್ಲಿ ತಿಳಿಯಿತು. ಬೇರೆಯವರು ಬಳಸಿ ಬಿಟ್ಟದ್ದನ್ನು ತಂದರೆ ಅದರೊಳಗೆ ಏನಿದೆಯೋ ಯಾರಿಗೆ ಗೊತ್ತು. ಇದರ ರೋಗವಾದರೂ ನನಗೆ ಗೊತ್ತು ಅಂದರು. ಆ ಮಾತು ಸುಳ್ಳೆಂದು ಹೇಳಲು ನನಗೂ ಆಗಲಿಲ್ಲ. ಅಂಗಡಿಯವರು ಚಹಾ ಹೇಳಲು ಆಚೆ ಹೋದರು.

ನಾನು ಒಂದೇ ಮಾತು ಕೇಳಿದೆ. "ರೀ, ವೆಲ್ಡಿಂಗ್ ಆದ್ಮೇಲೆ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತೀರಾ? ಆ ಹೆಂಗಸ್ರನ್ನ ಲೋಡಿನ ಮೇಲೆ ಹತ್ತಿಸ್ತೀರಾ?"

ಅವರು ಲಾರಿಯನ್ನೇ ನೋಡುತ್ತಾ ನಿಂತರು. ಆಮೇಲೆ ಇಲ್ಲ ಎಂದು ತಲೆಯಾಡಿಸಿದರು. ಚಹಾ ಬಂದಾಗ ಇಬ್ಬರೂ ಕುಡಿಯಲಿಲ್ಲ.

ಗುಜರಿಯವರು ಬಂದು ಎಳೆದುಕೊಂಡು ಹೋಗುತ್ತೇವೆ ಅಂದರೂ ಇವರು ಒಪ್ಪಲಿಲ್ಲ. ತಾನೇ ಬಿಟ್ಟು ಬರುತ್ತೇನೆಂದು ಹಟ. ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ಹಾಗೆ ಹಿಂದಿನಿಂದ ಅದನ್ನು ಓಡುತ್ತಿರುವಾಗ ನೋಡಿದ್ದು ಅದೇ ಮೊದಲು. ಮುಂದಿನ ಚಕ್ರಗಳು ಒಂದು ದಾರಿ, ಹಿಂದಿನವು ಇನ್ನೊಂದು ದಾರಿ ಹಿಡಿದಂತೆ ಇಡೀ ಲಾರಿ ಓರೆಯಾಗಿ ಹೋಗುತ್ತಿತ್ತು. ಇದರಲ್ಲಿ ನಾವು ಘಾಟಿ ಇಳಿದಿದ್ದೆವು. ಎದುರಿಗೆ ಶಾಲೆಯ ಬಸ್ಸೊಂದು ಬಂತು. ಅದು ಪಕ್ಕದಲ್ಲಿ ದಾಟಿ ಹೋಗುವವರೆಗೂ, ಸ್ವಾಮಿ ಈ ಒಂದು ಸಲ, ಈ ಒಂದು ಸಲ ಎಂದು ಸಂಪಿಗೆ ಊರಿನ ಶ್ರೀನಿವಾಸ ದೇವರನ್ನು ಬೇಡಿಕೊಂಡೆ.

ದಾರಿಯಲ್ಲಿ ಏನೂ ಆಗಲಿಲ್ಲ. ಗುಜರಿಯ ಅಂಗಳದಲ್ಲಿ ಲಾರಿ ನಿಲ್ಲಿಸಿ ಇವರು ಇಳಿದರು. ಅಲ್ಲಿನ ಕೆಲಸದವರು ಕ್ರೇನಿನ ಕೊಕ್ಕೆ ಸಿಕ್ಕಿಸಿ ಮುಂಭಾಗವನ್ನು ಎತ್ತಿದರು. ಇನ್ನೂ ಮೊಣಕಾಲೆತ್ತರ ಎದ್ದಿರಲಿಲ್ಲ, ಒಣಗಿದ ಮರ ಮುರಿದಂಥ ಸದ್ದಾಯಿತು. ಕ್ಯಾಬಿನ್ನಿನ ಹಿಂದೆ ಚಾಸಿ ಎರಡಾಗಿ ಮಡಚಿ ನೇತಾಡಿತು. ಕೆಲಸದವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಪಕ್ಕಕ್ಕೆ ಸರಿಯಿರಿ ಅಂದರು.

ನನ್ನ ಗಂಡ ಅಲ್ಲಿದ್ದ ಟೈರುಗಳ ಮೇಲೆ ಕೂತರು. "ಹೋದ್ವಾರ ಫುಲ್ ಲೋಡ್ ಹಾಕಿದ್ದೆ," ಅಂದರು. ನಾನು ಅವರ ಪಕ್ಕದಲ್ಲಿ ಕೂತೆ.

ಈಗ ನಮ್ಮಲ್ಲಿ ತುರುವೇಕೆರೆ ಕಡೆಯವರಿಂದ ತಂದ ಚಿಕ್ಕ ಗಾಡಿ ಇದೆ. ಸಿಪ್ಪೆ ಕಡಿಮೆ ಹಿಡಿಯುತ್ತದೆ, ಎರಡು ಸಲ ಓಡಾಡಬೇಕು. ಕೊಳ್ಳುವ ಮೊದಲು ಇವರು ಅದರ ಅಡಿಯಲ್ಲಿ ಟಾರ್ಚು ಹಿಡಿದು ಎಷ್ಟು ಹೊತ್ತು ಮಲಗಿದ್ದರೆಂದರೆ, ಮಾರುವವರಿಗೇ ಮುಜುಗರವಾಗಿತ್ತು.

ಆವತ್ತು ಗುಜರಿಯಿಂದ ಮನೆಗೆ ಸ್ಕೂಟರಿನಲ್ಲಿ ಬಂದೆವು. ಈಗ ಓಡಿಸಲು ಆಗದು ಎಂದು ಕೀಲಿಯನ್ನು ನನ್ನ ಕೈಯಲ್ಲೇ ಬಿಟ್ಟು ಹಿಂದೆ ಕೂತರು. ಹಾಗೆ ನನ್ನ ಹಿಂದೆ ಅವರು ಕೂತದ್ದು ಅದೇ ಮೊದಲು. ದಾರಿಯುದ್ದಕ್ಕೂ ನನ್ನ ಭುಜವನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಎದುರಿಗೆ ಗಾಡಿ ಕಂಡಾಗಲೆಲ್ಲ, "ನಿಧಾನ ಕಣೇ, ನಿಧಾನ" ಅನ್ನುತ್ತಿದ್ದರು. ನಾನು ನಿಧಾನವಾಗಿಯೇ ಹೋಗುತ್ತಿದ್ದೆ.